ದಿಂಬಿನ ಅಳತೆ

ಜನವರಿ 6, 2019, ಭಾನುವಾರ

ದಾರದ ಅಂಗಡಿಯವರು ಈ ಸಲವೂ ಡೈರಿ ಕೊಟ್ಟರು. ಹೋದ ವರ್ಷದ್ದಕ್ಕಿಂತ ಕಾಗದ ತೆಳು, ಬರೆದದ್ದು ಹಿಂದಿನ ಪುಟಕ್ಕೆ ಕಾಣುತ್ತದೆ. ಪುಕ್ಕಟೆ ಕೊಟ್ಟದ್ದಕ್ಕೆ ಕೊಂಕು ತೆಗೆಯುವುದು ನನ್ನ ಕೆಲಸದ ದೋಷ.

ತಿಂಗಳ ಮೊದಲ ಭಾನುವಾರ, ಮಡಕಶಿರಕ್ಕೆ ಹೋಗಿ ಬಂದೆ. ಬೆಳಿಗ್ಗೆ ಐದಕ್ಕೆ ರಾಯದುರ್ಗ ಬಿಟ್ಟು, ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು. ಹನ್ನೊಂದಕ್ಕೆ ‘ನೆರಳು’ ಆರೈಕೆ ಮನೆಯ ಗೇಟು. ಪಾಪಕ್ಕ, ನನ್ನ ಒಬ್ಬಳೇ ಅಕ್ಕ, ಅಲ್ಲಿ ಸೇರಿ ಈ ತಿಂಗಳಿಗೆ ಎರಡು ವರ್ಷವಾಯಿತು. ಲಕ್ವ ಹೊಡೆದು ಎಡಭಾಗ ಹೋಗಿದೆ, ಮಾತು ಹೋಗಿದೆ. ಬಲಗೈ ಇದೆ, ಕಣ್ಣಿದೆ. ಭಾವ ತೀರಿಕೊಂಡು ಎಷ್ಟೋ ವರ್ಷ. ನನ್ನದು ಒಂದು ಬಾಡಿಗೆ ಕೋಣೆ, ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿದರೆ ರಾತ್ರಿ ಎಂಟಕ್ಕೆ ತೆಗೆಯುವುದು. ಬೀಗ ಹಾಕಿದ ಕೋಣೆಯಲ್ಲಿ ಅಕ್ಕನನ್ನು ಮಲಗಿಸಲು ಆಗಲಿಲ್ಲ. ಮಡಕಶಿರವಾದರೆ ನಮ್ಮೂರು ರೊಳ್ಳಕ್ಕೆ ಹತ್ತಿರ, ನೆಂಟರಿಷ್ಟರು ಬಂದು ಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಬರುವುದಿಲ್ಲ.

ಹೊಸ ದಿಂಬು ಹೊಲಿದುಕೊಂಡು ಹೋಗಿದ್ದೆ. ಹಳೆಯದರ ನಡುವಿನ ತೂತು ಸಾಲುತ್ತಿರಲಿಲ್ಲ. ಈ ಸಲ ನಾಲ್ಕೂವರೆ ಇಂಚು ಬಿಟ್ಟೆ. ಒಂದು ಲೋಟ ಗಂಜಿ ಕುಡಿಸಿದೆ, ಮುಕ್ಕಾಲು ಗಂಟೆ ಹಿಡಿಯಿತು.

ಹೊರಡುವಾಗ ಗೇಟಿನ ಹತ್ತಿರ ಪುಸ್ತಕದಲ್ಲಿ ಬರೆಯಬೇಕು. ಬಂದವರ ಹೆಸರು, ಸಂಬಂಧ, ರೋಗಿಯ ಸ್ಥಿತಿ, ಸೈನು. ಸ್ಥಿತಿ ಎಂಬಲ್ಲಿ ‘ಆರಾಮ್’ ಎಂದು ಬರೆದೆ. ಯಾವಾಗಲೂ ಬರೆಯುವುದು ಅದನ್ನೇ. ನಮ್ಮ ಮನೆಯಲ್ಲಿ ಮಲಗಿದವರ ಬಗ್ಗೆ ಯಾರು ಕೇಳಿದರೂ ಹುಷಾರಾಗಿದ್ದಾರೆ ಎನ್ನಬೇಕು. ಇಲ್ಲ ಅಂದರೆ ಕಾಯಿಲೆಗೆ ಮಣೆ ಹಾಕಿ ಕೂರಿಸಿದ ಹಾಗೆ ಎಂದು ಅವ್ವ ಬಯ್ಯುತ್ತಿದ್ದಳು. ಬಾಯಲ್ಲಿ ಹೇಳುವುದಕ್ಕೇ ಹಾಗಿದ್ದರೆ ಬರೆದು ಸೈನು ಹಾಕುವುದಕ್ಕೆ ಇನ್ನೆಷ್ಟು. ರಾಯದುರ್ಗ ಸೇರಿದ ಮೇಲೆ ಹುಷಾರು ಎಂಬುದು ನನ್ನ ಬಾಯಲ್ಲಿ ಆರಾಮ್ ಆಯಿತು. ಅಕ್ಕನಿಗೆ ಮಾತಿದ್ದಾಗ, “ಬಂದ್ಳಪ್ಪ ರಾಯದುರ್ಗದ ಆರಾಮಮ್ಮ” ಎಂದು ನಗುತ್ತಿದ್ದಳು.

ಅಕ್ಕ ಆರಾಮ್.

ಜನವರಿ 9, ಬುಧವಾರ

ಇವತ್ತು 412 ಪ್ಯಾಂಟು ನೋಡಿದೆ, 37 ವಾಪಸ್ಸು ಕಳಿಸಿದೆ. ಜೀನ್ಸ್ ಯೂನಿಟ್ಟಿನಲ್ಲಿ ನಾನು ಚೆಕಿಂಗ್ ಟೇಬಲ್ಲಿನವಳು. ಹೊಲಿಗೆ ಬಿಟ್ಟದ್ದು, ಕಾಲು ಒಂದುದ್ದ ಒಂದುಗಿಡ್ಡ ಆದದ್ದು, ಜೇಬು ಸೊಟ್ಟ ಆದದ್ದು, ಎಲ್ಲಕ್ಕೂ ಕೆಂಪು ಸ್ಟಿಕರ್ ಅಂಟಿಸಿ ಏನು ತಪ್ಪು ಎಂದು ಬರೆಯಬೇಕು. “ಶಿವಲಕ್ಷ್ಮಮ್ಮನ ಕಣ್ಣು ತಪ್ಪಿಸಿ ಒಂದು ದಾರನೂ ಹೋಗಂಗಿಲ್ರಿ” ಎಂದು ಸೂಪರ್‌ವೈಸರ್ ಗೋವರ್ಧನ್ ಮಾಲೀಕರ ಎದುರು ಹೇಳಿದರು. ಹೇಳಿದ್ದಕ್ಕೆ ಸಂಬಳವೇನೂ ಏರಲಿಲ್ಲ.

ಮೂರು ಟೇಬಲ್ಲಿನ ಆಚೆ ಆಶಾರಾಣಿ ದಾರ ಕತ್ತರಿಸುತ್ತ ಕೂತಿರುತ್ತಾಳೆ. ಅಕ್ಕನ ಮಗಳು, ಇಪ್ಪತ್ತು ವರ್ಷ. ಅನಂತಪುರದಲ್ಲಿ ನರ್ಸಿಂಗ್ ಮೊದಲ ವರ್ಷ ಮುಗಿಸಿದ್ದಳು. ಎರಡನೆಯ ವರ್ಷದ ಫೀಜು, ‘ನೆರಳಿ’ನ ಆರೂವರೆ ಸಾವಿರ, ಎರಡೂ ನನ್ನೊಂದು ಸಂಬಳದಲ್ಲಿ ಏಳಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಅವಳೇ ಟ್ರಂಕು ಎತ್ತಿಕೊಂಡು ಬಂದಳು. ನಾನು ಬೇಡ ಅನ್ನಲಿಲ್ಲ. ಕಾಲೇಜಿನವರು ಅವಳ ಸೀಟನ್ನು ಈ ಜೂನ್ ಹದಿನೈದರವರೆಗೆ ಇಟ್ಟಿರುತ್ತಾರಂತೆ. ದಾಟಿದರೆ ಮತ್ತೆ ಮೊದಲಿನಿಂದ ಸೇರಬೇಕು. ಆ ಮಾತನ್ನು ನಾವಿಬ್ಬರೂ ಆಡುವುದಿಲ್ಲ.

ರವಿಕೆಯ ತೋಳು ಸಡಿಲವಾಗಿ ಇಳಿಯುತ್ತಿದೆ. ಪಿನ್ನು ಹಾಕಿಕೊಂಡೆ.

ಫೆಬ್ರವರಿ 3, ಭಾನುವಾರ

ಪಕ್ಕದ ಮಂಚದ ನರಸಕ್ಕನ ಮಗ ಬಾಲರಾಜು ಬಂದಿದ್ದ. ಅಗಳಿಯವನು, ಹಾಲಿನ ವ್ಯಾನು ಓಡಿಸುತ್ತಾನೆ. ಜಗಲಿಯಲ್ಲಿ ಕೂತು ಅವನೇ ಮಾತಿಗೆ ಶುರುಮಾಡಿದ.

“ತಿಂಗ್ಳಿಗೆ ಎಷ್ಟು ಕಟ್ತೀಯಕ್ಕ?”

“ಆರೂವರೆ ಸಾವ್ರ.”

“ಯಾಕೆ? ನಮ್ಮವ್ವ ಹುಣ್ಣಾಗಿ ಆಚೆ ನರ್ಸಿಂಗ್ ವಾರ್ಡಲ್ಲಿದ್ದಾಗ ಒಂದು ಪೈಸೆ ತಗಳ್ಳಿಲ್ಲ. ಹಾಸ್ಗೆ ಹಿಡಿದೋರಿಗೆ, ಹುಣ್ಣಾದೋರಿಗೆ, ನರ್ಸು ನೋಡ್ಕಬೇಕಾದೋರಿಗೆ ಎಲ್ಲ ಟ್ರಸ್ಟಿನೋರೇ ಹಾಕ್ತಾರೆ. ಬರೀ ಊಟ, ಹಾಸ್ಗೆ ಅಂತ ಬಂದೋರು ಮಾತ್ರ ಕಟ್ಟೋದು. ಆಫೀಸಲ್ಲಿ ಬೋರ್ಡೇ ಹಾಕವ್ರಲ್ಲ.”

ಹೋಗಿ ನೋಡಿದೆ. ಬೋರ್ಡು ಇದೆ. ಬಾಗಿಲು ತೆರೆದರೆ ಬೋರ್ಡು ಬಾಗಿಲ ಹಿಂದೆ ಹೋಗುತ್ತದೆ. ಆಫೀಸಿನ ಬಾಗಿಲು ಎರಡು ವರ್ಷದಿಂದ ತೆರೆದೇ ಇದೆ. ಬಾಲರಾಜು ಹೇಳಿದ್ದೆಲ್ಲ ಅದರಲ್ಲಿ ತೆಲುಗಿನಲ್ಲಿ ಬರೆದಿತ್ತು. ತಪ್ಪಾಗಿ ಕಟ್ಟಿಸಿಕೊಂಡಿದ್ದರೆ ಅರ್ಜಿಯ ಮೇಲೆ ಹಿಂದಿರುಗಿಸಲಾಗುವುದು ಎಂದೂ ಇತ್ತು.

ಮ್ಯಾನೇಜರ್ ತಿರುಮಲೇಶ್ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಫೈಲು ತೆಗೆದು ಮುಂದಿಟ್ಟ. ಸೇರಿಸುವ ದಿನ ನಾನು ತುಂಬಿದ ಫಾರಂ. ನಡೆಯುತ್ತಾರೆಯೇ: ಹಿಡಿದುಕೊಂಡರೆ ಹೌದು. ಊಟ ತಾವೇ ಮಾಡುತ್ತಾರೆಯೇ: ಹೌದು. ಹಾಸಿಗೆ ಹುಣ್ಣು: ಇಲ್ಲ. ಅವತ್ತು ಅಕ್ಕ ತಳ್ಳುವ ಕುರ್ಚಿಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು, ನಾನು ಬರೆಯುವುದನ್ನು ನೋಡುತ್ತಿದ್ದಳು. ಅವಳ ಕಣ್ಣೆದುರು ನಡೆಯಲ್ಲ, ತಾನಾಗಿ ಉಣ್ಣಲ್ಲ ಎಂದು ಹೇಗೆ ಬರೆಯುವುದು?

“ಫಾರಂ ಬಿಡಿ, ಅದು ಎರಡು ವರ್ಷದ್ದು” ಎಂದು ಗೇಟಿನ ಪುಸ್ತಕ ತರಿಸಿದ. “ಇಪ್ಪತ್ನಾಲ್ಕು ಸಲ ಬಂದಿದೀರ. ಇಪ್ಪತ್ನಾಲ್ಕು ಸಲಾನೂ ಆರಾಮ್ ಅಂತ ಬರ್ದು ಸೈನ್ ಹಾಕಿದೀರ. ನಮ್ ಸಾದಾ ವಾರ್ಡಿಗೆ ಚಾರ್ಟಿಲ್ಲ, ಇದೇ ದಾಖಲೆ. ಬೆಂಗಳೂರಿನ ಕಮಿಟಿಯೋರು ಇದನ್ನೇ ನೋಡೋದು. ನಾನೇನ್ ಮಾಡ್ಲಿ ಹೇಳಮ್ಮ.”

ಹೊರಡುವಾಗ ಗೇಟಿನವನು ಅದೇ ಪುಸ್ತಕ ಚಾಚಿದ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಇವತ್ತೂ ಆರಾಮ್ ಎಂದೇ ಬರೆದು ಬಂದಿದ್ದೆ.

ಫೆಬ್ರವರಿ 5, ಮಂಗಳವಾರ

ಆಶಾರಾಣಿಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಮೊದಲ್ನೇ ವರ್ಷದ ರಜಕ್ಕೆ ಬಂದಾಗ್ಲೇ ಹೇಳಿದ್ನಲ್ಲ ಚಿಕ್ಕಮ್ಮ. ಅಮ್ಮಂಗೆ ನರ್ಸು ಬೇಕು, ಕೇಳೋಣ ಅಂತ. ಸುಮ್ನಿರು, ಅಪಶಕುನ ಆಡ್ಬೇಡ ಅಂದೆ ನೀನು.”

ಅಂದಿದ್ದೆ. ಅವಳು ತಟ್ಟೆ ತೊಳೆದಿಟ್ಟು ಬಂದು ತೆಲುಗಿನಲ್ಲಿ ಅರ್ಜಿ ಬರೆದಳು. ಸೈನು ಹಾಕು ಎಂದಳು, ಹಾಕಿದೆ. ಬಯ್ದಿದ್ದರೆ ಚೆನ್ನಾಗಿತ್ತು.

ಮಾರ್ಚ್ 3, ಭಾನುವಾರ

ಮೇ ಹನ್ನೊಂದಕ್ಕೆ ಕಮಿಟಿ ಬರುತ್ತದಂತೆ. ತಿರುಮಲೇಶ್ ಅರ್ಜಿಯನ್ನು ಮಡಚಿ ಮಡಚಿ ತಿರುಗಿಸಿ ನೋಡಿದ.

“ಹುಣ್ಣು ಈಗ ಇದೆ, ಸರಿ. ಅದನ್ನ ಅವ್ರೂ ನೋಡ್ತಾರೆ. ಯಾವಾಗಿಂದ ಇದೆ? ಹಿಂದಿನ ದುಡ್ಡು ವಾಪಸ್ ಬೇಕು ಅಂದ್ರೆ ಹಿಂದಿನ ಕಾಗದ ಬೇಕಮ್ಮ. ತಿಂಗಳ ತಿಂಗಳದ್ದು.”

ಆಯಾ ಕದರಮ್ಮ ನಲ್ಲಿಯ ಹತ್ತಿರ ಸಿಕ್ಕಳು. ಅಕ್ಕನ ಮಗ್ಗುಲು ತಿರುಗಿಸುವವಳು ಅವಳೇ, ಬಿಡುವಿದ್ದಾಗ. “ನಾನು ಎಲ್ಲ ನೋಡಿವ್ನಿ ಕಣಮ್ಮ. ಆದ್ರೆ ಹೇಳು ಅಂದ್ರೆ ಹೇಳಕ್ಕಾಗಲ್ಲ. ಈ ಕೆಲ್ಸ ಹೋದ್ರೆ ನಂಗೆ ಇನ್ನೊಂದಿಲ್ಲ” ಎಂದಳು. ಸರಿ ಎಂದೆ. ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ.

ಅಕ್ಕನಿಗೆ ಹೊಸ ದಿಂಬು ಇಟ್ಟೆ. ‘ಆರಾಮಾಗಿದ್ದೀಯಕ್ಕ’ ಎಂದೆ. ಕಿಟಕಿ ಕಡೆ ನೋಡಿದಳು.

ಪುಸ್ತಕದಲ್ಲಿ ಸ್ಥಿತಿ ಎಂಬ ಜಾಗ ಖಾಲಿ ಬಿಟ್ಟೆ. ಗೇಟಿನವನು ಕೂಗಿ ಕರೆದ, ಖಾಲಿ ಬಿಡುವ ಹಾಗಿಲ್ಲವಂತೆ. ಒಂದು ಅಡ್ಡಗೆರೆ ಎಳೆದು ಬಂದೆ.

ಮಾರ್ಚ್ 10, ಭಾನುವಾರ

ಟ್ರಂಕಿನಿಂದ ಹಳೆಯ ಡೈರಿ ಎರಡೂ ತೆಗೆದೆ. ಗೇಟಿನ ಪುಸ್ತಕದಲ್ಲಿ ಏನೇ ಬರೆದಿರಲಿ, ಇದು ನನಗೆ ನಾನೇ ಬರೆದುಕೊಂಡದ್ದು, ಇದರಲ್ಲಾದರೂ ಇದ್ದದ್ದು ಇದ್ದ ಹಾಗೆ ಇರುತ್ತದೆ ಅಂದುಕೊಂಡೆ.

2017, ಏಪ್ರಿಲ್ 2: ಮಡಕಶಿರಕ್ಕೆ ಹೋಗಿದ್ದೆ. ಅಕ್ಕ ಆರಾಮ್. ಜುಲೈ 2: ಬಸ್ಸು ಕೆಟ್ಟಿತು, ಅಕ್ಕ ಆರಾಮ್. 2018, ಮೇ 6: ಬಿಸಿಲು, ಅಕ್ಕ ಆರಾಮ್. ಒಂದು ತಿಂಗಳೂ ಬಿಟ್ಟಿಲ್ಲ. ಯಾರೂ ಓದದ ಪುಸ್ತಕದಲ್ಲಿ ಕೂತು ಯಾರಿಗೆ ಸುಳ್ಳು ಹೇಳುತ್ತಿದ್ದೆನೋ. ದಿನಕ್ಕೆ ನಾನೂರು ಪ್ಯಾಂಟಿನ ತಪ್ಪು ಕಂಡುಹಿಡಿಯುವವಳು.

ಎರಡೂ ಡೈರಿಯನ್ನು ಚಿಂದಿ ಬಟ್ಟೆಯ ಚೀಲಕ್ಕೆ ಎಸೆದೆ. ಅಳು ಬರಲಿಲ್ಲ. ಬೇಳೆ ಬೇಯಿಸಿದೆ, ಉಪ್ಪು ಮರೆತೆ. ಆಶಾ ಸುಮ್ಮನೆ ತಿಂದಳು.

ಮಾರ್ಚ್ 12, ಮಂಗಳವಾರ

ಕೆಲಸದಿಂದ ಬಂದರೆ ಆಶಾ ಚೀಲದಿಂದ ಡೈರಿ ತೆಗೆದು ಮುಂದಿಟ್ಟುಕೊಂಡು ಕೂತಿದ್ದಳು. ಬೇರೆಯವರದ್ದು ಓದಬಾರದು ಎಂದು ಗದರಿದೆ. ಅವಳು ತಲೆ ಎತ್ತಲಿಲ್ಲ.

“ಚಿಕ್ಕಮ್ಮ, ಈ ದಿಂಬು ಅಂತ ಬರ್ದಿದೀಯಲ್ಲ, ಏನದು?”

ಏನೂ ಇಲ್ಲ, ದಿಂಬು ಎಂದೆ. ಅಕ್ಕನ ಸೊಂಟದ ಹಿಂದೆ ಆಗಿರುವಲ್ಲಿ ಮಂಚ ತಾಕಿ ನೋಯಬಾರದು ಎಂದು, ವಾಪಸ್ಸು ಬಂದ ಪ್ಯಾಂಟುಗಳ ಜೇಬಿನ ಬಟ್ಟೆ ಬಿಚ್ಚಿ, ಹತ್ತಿ ತುಂಬಿ, ನಡುವೆ ತೂತು ಬಿಟ್ಟು ಹೊಲಿಯುತ್ತೇನೆ. ಸಿಂಬೆಯ ಹಾಗೆ. ತೂತು ಸಣ್ಣದಾದರೆ ಅಂಚು ಗಾಯಕ್ಕೆ ತಾಕುತ್ತದೆ. ಅದಕ್ಕೇ ಪ್ರತಿ ಸಲ ಹೋದಾಗ ಟೇಪು ಹಿಡಿದು ನೋಡಿ, ಮುಂದಿನ ತಿಂಗಳ ದಿಂಬಿಗೆ ಎಷ್ಟು ಬಿಡಬೇಕು ಎಂದು ಗುರುತು ಹಾಕಿಕೊಳ್ಳುತ್ತೇನೆ. ಅಳತೆ ಬರೆದಿಡದೆ ಕತ್ತರಿ ಮುಟ್ಟಬಾರದು, ಹೊಲಿಗೆ ಕಲಿಸುವಾಗ ಅಕ್ಕ ಹೇಳಿಕೊಟ್ಟ ಮೊದಲ ಪಾಠ ಅದು.

ಆಶಾ ಒಂದೊಂದೇ ಓದಿದಳು. 2017 ಜೂನ್ 4, ದಿಂಬು ಒಂದೂವರೆ ಇಂಚು. ಆಗಸ್ಟ್ 6, ಎರಡು, ಒಳಗೆ ಕಾಲು ಇಂಚು ಆಳ. ಡಿಸೆಂಬರ್ 3, ಎರಡೂಮುಕ್ಕಾಲು, ಬಟ್ಟೆ ಒದ್ದೆ, ಹಳದಿ. 2018 ಏಪ್ರಿಲ್ 1, ಮೂರೂವರೆ, ವಾಸನೆ, ಬಟ್ಟೆ ಎರಡು ಪದರ ಹಾಕಬೇಕು. ಪ್ರತಿಯೊಂದರ ಕೆಳಗೂ ಅಕ್ಕ ಆರಾಮ್.

“ಇದು ದಿಂಬಿನ ಅಳತೆ ಅಲ್ಲ ಚಿಕ್ಕಮ್ಮ” ಎಂದಳು.

ನಾನು ಗೋಡೆ ನೋಡಿದೆ.

“ನಮ್ ಕಾಲೇಜಲ್ಲಿ ಹುಣ್ಣಿನ ಚಾರ್ಟ್ ಬರೆಯೋದು ಹಿಂಗೇನೆ. ಅಗಲ, ಆಳ, ಬಣ್ಣ, ವಾಸನೆ. ಒಂದು ತಿಂಗ್ಳೂ ಬಿಟ್ಟಿಲ್ಲ ನೀನು.”

ನನ್ನ ಕೈಯಲ್ಲಿ ಬರೆದದ್ದನ್ನು ನನ್ನ ಕಣ್ಣು ಎರಡು ವರ್ಷ ಓದಿರಲಿಲ್ಲ. ಮೊನ್ನೆ ಪುಟ ತಿರುವಿದಾಗಲೂ ಆರಾಮ್ ಒಂದೇ ಕಂಡಿತ್ತು.

ಮಾರ್ಚ್ 13, ಬುಧವಾರ

ಹೋದ ಸೆಪ್ಟೆಂಬರ್ 2ರ ಪುಟ ನೆನಪಾಗಿ ಮಧ್ಯಾಹ್ನದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಜೇಬೇ ಇಲ್ಲದ ಪ್ಯಾಂಟೊಂದು ನನ್ನ ಟೇಬಲ್ ದಾಟಿ ಹೋಯಿತು. ಗೋವರ್ಧನ್ ತಂದು ತೋರಿಸಿದರು. “ಯಾಕ್ರಿ, ಆರಾಮ್ ಅದೀರಿಲ್ಲೋ?” ಎಂದರು. ಆರಾಮ್ ಎಂದೆ.

ಬೇಗ ಬಂದು ಆ ಪುಟ ಹರಿಯಲು ಹೋದೆ. ಮೂರೂಮುಕ್ಕಾಲು ಇಂಚು ಎಂದು ಬರೆದ ಕೆಳಗೆ ಇನ್ನೂ ಒಂದು ಸಾಲಿದೆ. “ಅಕ್ಕ ಹೋದರೆ ಆಶಾ ಓದುತ್ತಾಳೆ.” ಬರೆದದ್ದು ನಾನೇ. ಆಮೇಲೆ ಅದನ್ನು ಪೆನ್ನಿನಲ್ಲಿ ಗೀಚಿದ್ದೇನೆ, ಆದರೂ ಓದಲು ಬರುತ್ತದೆ.

ಆಶಾ ಬಾಗಿಲಲ್ಲಿ ನಿಂತಿದ್ದಳು. “ಹರೀಬೇಡ. ಒಂದು ಪುಟ ಇಲ್ಲ ಅಂದ್ರೆ ಅವ್ರಿಗೆ ಎಲ್ಲದ್ರ ಮೇಲೂ ಅನುಮಾನ ಬರ್ತದೆ.”

“ಅದ್ರಲ್ಲಿ...”

“ಓದಿದೀನಿ.”

ಅವಳು ಬಂದು ಪಕ್ಕದಲ್ಲಿ ಕೂತಳು. “ನಾನೂ ಹಂಗೇ ಅಂದ್ಕಂಡಿದ್ದೆ ಚಿಕ್ಕಮ್ಮ. ನಾನು ಎಲ್ಲೂ ಬರೀಲಿಲ್ಲ ಅಷ್ಟೆ” ಎಂದಳು. ಅವಳ ಭುಜ ಅಲುಗಾಡುತ್ತಿತ್ತು. ನನಗೆ ಏನೂ ಆಗಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಪುಟ ಹರಿಯಲಿಲ್ಲ.

ಏಪ್ರಿಲ್ 7, ಭಾನುವಾರ

ನಿನ್ನೆ ಯುಗಾದಿ. ಒಬ್ಬಟ್ಟಿನ ಹೂರಣವನ್ನು ಹಾಲಿನಲ್ಲಿ ತೆಳ್ಳಗೆ ಕಲಸಿ ಒಯ್ದಿದ್ದೆ. ಅಕ್ಕ ಎರಡು ಚಮಚ ನುಂಗಿದಳು, ಮೂರನೆಯದಕ್ಕೆ ಕೆಮ್ಮಿದಳು. ಹುಣ್ಣು ನಾಲ್ಕೂಮುಕ್ಕಾಲು. ಪುಸ್ತಕದಲ್ಲಿ ಅಡ್ಡಗೆರೆ.

ಏಪ್ರಿಲ್ 11, ಗುರುವಾರ

ವೋಟಿಗೆ ರಜ ಕೊಟ್ಟರು. ಹಾಕಿ ಬಂದು ಮಲಗಿದೆ.

ಮೇ 11, ಶನಿವಾರ

ಒಂದು ದಿನದ ಸಂಬಳ ಬಿಟ್ಟು ಇಬ್ಬರೂ ಹೋದೆವು. ಕಮಿಟಿ ಎಂದರೆ ಮೂವರು. ಲೆಕ್ಕದ ಒಬ್ಬರು, ಟ್ರಸ್ಟಿನ ಒಬ್ಬರು, ಬೆಂಗಳೂರಿನ ಡಾಕ್ಟರಮ್ಮ. ಲೆಕ್ಕದವರು ಮೊದಲು ಗೇಟಿನ ಪುಸ್ತಕ ತಿರುವಿ, “ಎಲ್ಲಾ ಕಡೆ ಆರಾಮ್ ಅಂತಾನೇ ಇದೆಯಲ್ಲಮ್ಮ” ಎಂದರು. ಆಶಾ ಡೈರಿ ಎರಡನ್ನೂ ಮುಂದಿಟ್ಟಳು, ಜೊತೆಗೆ ಈ ವರ್ಷದ್ದನ್ನೂ ಸೇರಿಸಿ ಅಳತೆಗಳನ್ನು ತಿಂಗಳವಾರು ಬರೆದ ಒಂದು ಹಾಳೆ. ಡಾಕ್ಟರಮ್ಮ ಹಾಳೆ ಬದಿಗಿಟ್ಟು ಡೈರಿಯನ್ನೇ ಓದತೊಡಗಿದರು. ಸೆಪ್ಟೆಂಬರ್ 2ರ ಪುಟದಲ್ಲಿ ಅವರ ಬೆರಳು ಸ್ವಲ್ಪ ನಿಂತಿತು. ಆಮೇಲೆ ಪುಟ ತಿರುಗಿಸಿದರು. ನನ್ನ ಮುಖ ನೋಡಲಿಲ್ಲ, ಪುಣ್ಯ.

“ನಡೀರಿ, ಅವರನ್ನ ನೋಡೋಣ” ಎಂದರು.

ಅಕ್ಕನ ಮಂಚದ ಹತ್ತಿರ ನಿಂತು, “ಈಗ ನೀವೇ ಹೇಳಿ. ನಿಮ್ಮಕ್ಕ ಹೇಗಿದ್ದಾರೆ?” ಎಂದರು.

ಹೊರಗೆ ಹೋಗಿ ಹೇಳುತ್ತೇನೆ ಎಂದೆ.

“ಅವರ ವಿಷಯ ಅಲ್ವಾ? ಅವರ ಮುಂದೆನೇ ಹೇಳಿ.”

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆಶಾ ನೋಡುತ್ತಿದ್ದಳು. ಬಾಗಿಲ ಹತ್ತಿರ ಕದರಮ್ಮ ಪೊರಕೆ ಹಿಡಿದು ನಿಂತಿದ್ದಳು. ನನಗೆ ಅವ್ವ ನೆನಪಾದಳು. ನಾನು ಬಲ್ಲದ್ದು ಒಂದೇ ರೀತಿ, ಟೇಬಲ್ ಮೇಲೆ ಪ್ಯಾಂಟು ಹರವಿ ಮೇಲಿನಿಂದ ಕೆಳಕ್ಕೆ ನೋಡುವುದು. ಹಾಗೇ ಶುರುಮಾಡಿದೆ.

“ಮಾತಿಲ್ಲ. ಎಡಗಡೆ ತುಟಿ ಇಳಿದಿದೆ, ನೀರು ಕುಡಿಸಿದರೆ ಆಚೆ ಬರ್ತದೆ. ಎಡಗೈ ಆಡಲ್ಲ, ಬೆರಳು ಮುಚ್ಚಿಕೊಂಡಿವೆ, ಉಗುರು ಅಂಗೈಗೆ ಚುಚ್ಚಿ ಗಾಯ ಆಗಿದೆ. ತಾನಾಗಿ ಮಗ್ಗುಲಾಗಲ್ಲ. ಸೊಂಟದ ಹಿಂದೆ ಹುಣ್ಣು, ನಾಲ್ಕೂಮುಕ್ಕಾಲು ಇಂಚು. ಒಂದು ಕಡೆ ಒಳಗಿನ ಬಿಳಿ ಕಾಣ್ತದೆ. ಹಿಮ್ಮಡಿ ಎರಡೂ ಕಪ್ಪಾಗಿವೆ. ರಾತ್ರಿ ನೋವಿಗೆ ನರಳ್ತಾಳೆ ಅಂತ ನರಸಕ್ಕ ಹೇಳ್ತಾರೆ. ನಾನು ಒಂದು ರಾತ್ರೀನೂ ಇಲ್ಲಿ ಇದ್ದಿಲ್ಲ.”

ಕೊನೆಯದನ್ನು ಯಾರೂ ಕೇಳಿರಲಿಲ್ಲ, ಬಂದುಬಿಟ್ಟಿತು.

ಅಕ್ಕ ತಲೆ ಆಡಿಸಿದಳು. ಹೌದು ಎಂಬ ಹಾಗೆ, ನಿಧಾನವಾಗಿ, ಎರಡು ಸಲ. ಇಪ್ಪತ್ತೇಳು ಸಲ ಬಂದು ಆರಾಮಾಗಿದ್ದೀಯಕ್ಕ ಎಂದಿದ್ದೇನೆ, ಒಂದು ಸಲವೂ ಅವಳು ತಲೆ ಆಡಿಸಿರಲಿಲ್ಲ.

ಡಾಕ್ಟರಮ್ಮ ಮಂಚದ ಕೆಳಗಿದ್ದ ಹಳೆಯ ದಿಂಬುಗಳಲ್ಲಿ ಒಂದನ್ನು ಎತ್ತಿ ಹೊಲಿಗೆ ನೋಡಿದರು. “ಕೆಲಸ ಚೆನ್ನಾಗಿದೆ. ಆದ್ರೆ ಇಂಥ ತೂತಿನ ದಿಂಬು ಈಗ ಬೇಡ ಅಂತೀವಿ ಅಮ್ಮ. ಅಂಚು ಒತ್ತಿ ಸುತ್ತಲೂ ರಕ್ತ ಓಡಲ್ಲ. ಹುಣ್ಣು ಇನ್ನೂ ಅಗಲ ಆಗುತ್ತೆ. ನಿಮಗೆ ಯಾರಾದ್ರೂ ಹೇಳಬೇಕಿತ್ತು” ಎಂದರು.

ನರ್ಸು ಇದ್ದಿದ್ದರೆ ಹೇಳುತ್ತಿದ್ದಳು.

ಮೇ 12, ಭಾನುವಾರ

ಇಪ್ಪತ್ತಮೂರು ದಿಂಬು.

ಮೇ 29, ಬುಧವಾರ

ಟ್ರಸ್ಟಿನಿಂದ ರಿಜಿಸ್ಟರ್ ಪೋಸ್ಟು. 2017 ಜೂನ್‌ನಿಂದ 2019 ಏಪ್ರಿಲ್‌ವರೆಗೆ, ಇಪ್ಪತ್ತಮೂರು ತಿಂಗಳು, ರೋಗಿಗೆ ನರ್ಸಿಂಗ್ ಆರೈಕೆ ಬೇಕಿತ್ತು ಎಂಬುದಕ್ಕೆ ಕುಟುಂಬದವರ ದಿನಚರಿಯೇ ಆಧಾರ, ಆದ್ದರಿಂದ ಕಟ್ಟಿದ 1,49,500 ರೂಪಾಯಿ ಹಿಂದಿರುಗಿಸುವುದು. ಮೇ ತಿಂಗಳಿಂದ ಫೀಜಿಲ್ಲ, ನರ್ಸಿಂಗ್ ವಾರ್ಡಿಗೆ ಬದಲಿಸುವುದು. ಮೊದಲ ಐದು ತಿಂಗಳಿಗೆ ಆಧಾರವಿಲ್ಲದ್ದರಿಂದ ಅದು ಇಲ್ಲ. ಆಗ ನಾನಿನ್ನೂ ದಿಂಬು ಹೊಲಿಯಲು ಶುರುಮಾಡಿರಲಿಲ್ಲ.

ಡೈರಿಗಳನ್ನೂ ವಾಪಸ್ಸು ಕಳಿಸಿದ್ದಾರೆ. ಅಳತೆ ಇರುವ ಪುಟಕ್ಕೆಲ್ಲ ನೇರಳೆ ಸೀಲು ಹೊಡೆದಿದ್ದಾರೆ. ಸೆಪ್ಟೆಂಬರ್ 2ಕ್ಕೂ.

ಆಶಾ ಕಾಗದವನ್ನು ಮೂರು ಸಲ ಓದಿದಳು. ನಾನು ಒಲೆಯ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದ್ದೆ, ಇಳಿಸಬೇಕೆಂದು ಹೊಳೆಯಲಿಲ್ಲ.

ಜೂನ್ 10, ಸೋಮವಾರ

ಆಶಾಳನ್ನು ಅನಂತಪುರದ ಬಸ್ಸಿಗೆ ಹತ್ತಿಸಿದೆ. ಟ್ರಂಕಿನ ಮೂಲೆ ಒಡೆದಿತ್ತು, ದಾರದಿಂದ ಬಿಗಿದುಕೊಟ್ಟೆ. ಫೀಜು ಕಟ್ಟಿದ ರಸೀದಿ ಅವಳ ಪರ್ಸಿನಲ್ಲಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ರವಿಕೆಯ ತೋಳಿನ ಪಿನ್ನು ಮುಟ್ಟಿ, “ಇದನ್ನ ಹೊಲ್ಕೋ ಚಿಕ್ಕಮ್ಮ, ಚುಚ್ತದೆ” ಎಂದಳು. ಸರಿ ಎಂದೆ. ಕೋಣೆಗೆ ಬಂದ ಮೇಲೆ ಒಂದೇ ತಟ್ಟೆ ತೊಳೆಯುವುದಿತ್ತು. ಮನೆ ಖಾಲಿಯಾಗಿದೆ, ಸೇರುತ್ತಿಲ್ಲ.

ಜೂನ್ 12, ಬುಧವಾರ

388 ನೋಡಿದೆ, 29 ವಾಪಸ್ಸು. “ಆರಾಮೇನ್ರಿ?” ಎಂದು ಗೋವರ್ಧನ್ ಹೋಗುತ್ತ ಹೋಗುತ್ತ ಕೇಳಿದರು. ಇಲ್ರಿ, ಹುಡುಗಿ ಹೋದಳು, ಬೇಜಾರಾಗ್ಯದ ಎಂದೆ. ಅವರು ನಿಂತರು. ಪಾಪ, ಚಹಾ ತರಿಸಿದರು.

ಜುಲೈ 7, ಭಾನುವಾರ

ಅಕ್ಕನದು ಈಗ ಆಚೆ ಕಡೆಯ ವಾರ್ಡು. ಮಂಚದ ಮೇಲೆ ಗಾಳಿ ತುಂಬಿದ ಹಾಸಿಗೆ, ಕಾಲಬಳಿ ಚಾರ್ಟು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ್ದನ್ನು ನರ್ಸು ಅದರಲ್ಲಿ ಬರೆಯುತ್ತಾಳೆ. ಹಿಮ್ಮಡಿಗೆ ಹತ್ತಿ ಸುತ್ತಿದ್ದಾರೆ. ಎಡಗೈಯ ಉಗುರು ಕತ್ತರಿಸಿ ಅಂಗೈಯಲ್ಲಿ ಬಟ್ಟೆಯ ಸುರುಳಿ ಇಟ್ಟಿದ್ದಾರೆ. ಎರಡೂವರೆ ವರ್ಷ ಹತ್ತು ಹೆಜ್ಜೆ ದೂರದಲ್ಲಿ ಇದೆಲ್ಲ ಇತ್ತು. ಹೊಟ್ಟೆ ಉರಿಯಿತು. ತಿರುಮಲೇಶನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ದಿಂಬು ಒಯ್ದಿರಲಿಲ್ಲ. ಟೇಪು ಮಾತ್ರ ಅಭ್ಯಾಸಕ್ಕೆ ಚೀಲದಲ್ಲಿತ್ತು. ನರ್ಸು ಪಟ್ಟಿ ಬದಲಿಸುವಾಗ ಕೇಳಿ ಹಿಡಿದು ನೋಡಿದೆ, ನಾಲ್ಕೂಕಾಲು. ಅರ್ಧ ಇಂಚು ಇಳಿದಿದೆ. “ಇನ್ನೂ ದೊಡ್ಡದೇ ಇದೆ ಅಕ್ಕ. ನೋವಿದೆ ನಿಂಗೆ, ಗೊತ್ತು. ಆದ್ರೆ ಇಳಿದಿದೆ” ಎಂದು ಅವಳಿಗೇ ಹೇಳಿದೆ. ಅಕ್ಕ ತಲೆ ಆಡಿಸಿದಳು.

ಟೇಪನ್ನು ಹಾಸಿಗೆಯ ಮೇಲೆ ಇಟ್ಟು ಗಂಜಿ ಕಲಸುತ್ತಿದ್ದೆ. ಅಕ್ಕ ಬಲಗೈಯಲ್ಲಿ ಅದನ್ನು ಎಳೆದುಕೊಂಡಳು. ರೊಳ್ಳದ ಮನೆಯ ಜಗಲಿಯಲ್ಲಿ ಮೂವತ್ತು ವರ್ಷ ಊರವರ ರವಿಕೆ ಹೊಲಿದ ಕೈ, ಟೇಪು ಹಿಡಿಯುವ ರೀತಿ ಮರೆತಿಲ್ಲ. ನನ್ನ ತೋಳಿಗೆ ಸುತ್ತಲು ನೋಡಿದಳು. ಒಂದು ಕೈಗೆ ಆಗಲಿಲ್ಲ. ಇನ್ನೊಂದು ತುದಿ ನಾನು ಹಿಡಿದುಕೊಟ್ಟೆ. ಬಿಗಿದು, ಹೆಬ್ಬೆರಳ ಉಗುರನ್ನು ಅಂಕಿಯ ಮೇಲೆ ಒತ್ತಿ, ನನಗೆ ತೋರಿಸಿದಳು.

ಒಂಬತ್ತು. ಅಕ್ಕ ನನಗೆ ಕೊನೆಯ ರವಿಕೆ ಹೊಲಿದಾಗ ಹನ್ನೊಂದಿತ್ತು.

ಉಗುರು ತೆಗೆಯದೆ ನನ್ನ ಮುಖ ನೋಡುತ್ತಿದ್ದಳು. ಮಾತಿಲ್ಲದಿದ್ದರೂ ಆ ಪ್ರಶ್ನೆ ಏನೆಂದು ಗೊತ್ತಾಗದಷ್ಟು ನಾನೇನು ದಡ್ಡಿಯಲ್ಲ. ‘ಆರಾಮ್ ಅಕ್ಕ’ ಎನ್ನಲು ಬಾಯಿ ತೆರೆದೆ. ಬರಲಿಲ್ಲ.

“ಇಲ್ಲಕ್ಕ” ಎಂದೆ. “ಊಟ ಸೇರಲ್ಲ. ನಿದ್ದೆ ಇಲ್ಲ. ನಿನ್ನ ಇಲ್ಲಿ ಬಿಟ್ಟು ಹೋದ ದಿನದಿಂದ.”

ಅವಳ ಮಂಚದ ಅಂಚಿಗೆ ತಲೆ ಇಟ್ಟು ಅತ್ತೆ. ಎಷ್ಟು ಹೊತ್ತೋ. ಸೆಪ್ಟೆಂಬರಿನ ಆ ಸಾಲನ್ನೂ ಹೇಳಿದೆ. ಅವಳ ಕೈ ಟೇಪಿನ ಸಮೇತ ನನ್ನ ತೋಳಿನ ಮೇಲೇ ಇತ್ತು, ತೆಗೆಯಲಿಲ್ಲ. ನರ್ಸು ಬಂದು ಗಂಜಿ ಆರಿದೆ ಎಂದು ಬೇರೆ ತಂದಳು. ಎರಡು ಲೋಟ ತಂದಿದ್ದಳು, ಒಂದನ್ನು ನಾನು ಕುಡಿದೆ.

ಪಾವಗಡದ ಬಸ್ಸು ಹೋಗಿಬಿಟ್ಟಿತ್ತು. ರಾತ್ರಿ ಇಲ್ಲೇ ಇರುತ್ತೇನೆ ಎಂದು ಪುಸ್ತಕದಲ್ಲಿ ಬರೆದು ಸೈನು ಹಾಕಿದೆ.